ಮಧ್ಯಾಹ್ನದ ಬೀಸುವ ಕಲ್ಲು

ಕಮಲಾಪುರ
ಕಾರ್ತಿಕ ಶುದ್ಧ ಷಷ್ಠಿ, ರವಿವಾರ

ಇಂದೂಬಾಯಿ ಅಕ್ಕನವರಿಗೆ ಜಯದೇವಿಯ ಶರಣು.

ಶ್ರಾವಣದಲ್ಲಿ ಕಲಬುರಗಿಯ ಶರಣಬಸವೇಶ್ವರ ಗುಡಿಯ ಕಟ್ಟೆಯ ಮೇಲೆ ಕೂತು ಒಬ್ಬಳು ಯಾರೋ ಮುದುಕಿಗೆ ಅವಳ ಮಗನ ಕಾಗದ ಓದಿ ಹೇಳುತ್ತಿದ್ದಳು. ನೀವು ಅಲ್ಲೇ ನಿಂತು ಪೂರ್ತಿ ಕೇಳಿ, ಆಮೇಲೆ ಹತ್ತಿರ ಬಂದು ಎಲ್ಲಿ ಕಲಿತೆ ಎಂದು ವಿಚಾರಿಸಿದಿರಿ. ಆಕೆಯೇ ನಾನು. ಏನಾದರೂ ಬೇಕಾದರೆ ಬರೆ ಎಂದು ಬ್ರಹ್ಮಪುರದ ಮನೆಯ ಗುರುತು ಹೇಳಿದ್ದಿರಿ. ಅಂಥ ಮಾತನ್ನು ಜನ ಸುಮ್ಮನೆ ಆಡುತ್ತಾರೆ ಎಂದು ಗೊತ್ತು. ಆದರೂ ಬರೆಯುತ್ತಿದ್ದೇನೆ.

ಆ ದಿನ ಒಂದು ವಿಷಯ ಹೇಳಿರಲಿಲ್ಲ. ನನ್ನ ತವರು ಇಂಡಿ. ಅಲ್ಲಿ ಅಪ್ಪ ಕನ್ನಡ ಸಾಲಿಯ ಮಾಸ್ತರರು; ಗಂಡುಹುಡುಗರ ಹಿಂದಿನ ಸಾಲಿನಲ್ಲಿ ನನ್ನನ್ನೂ ಕೂಡಿಸಿ ಕಲಿಸಿದರು. ಇಲ್ಲಿಗೆ ಸೊಸೆಯಾಗಿ ಬಂದ ಮೇಲೆ ಓಣಿಯ ಹುಡುಗಿಯೊಬ್ಬಳಿಗೆ ಅಕ್ಷರ ತಿದ್ದಿಸಿದೆ. ಅವಳು ತನ್ನ ಗೆಳತಿಯನ್ನು ಕರೆತಂದಳು. ಹದಿನಾಲ್ಕು ತಿಂಗಳಾಯಿತು, ಈಗ ನಮ್ಮ ಪಡಸಾಲೆಯಲ್ಲಿ ಇಪ್ಪತ್ತೆರಡು ಹುಡುಗಿಯರಿದ್ದಾರೆ. ಬೆಳಗಿನ ಹೊತ್ತು ಅವರಿಗೆ ಮನೆಗೆಲಸ, ಸಂಜೆ ನೀರು. ಹಾಗಾಗಿ ಮಧ್ಯಾಹ್ನ ಎರಡು ತಾಸು ಪಾಠ.

ದೀಪಾವಳಿಯ ಮುಂಚೆ ಶಿಕ್ಷಣ ಕಚೇರಿಯಿಂದ ಉರ್ದುವಿನಲ್ಲಿ ಒಂದು ಹುಕುಂ ಬಂತು. ನಮ್ಮವರು ಪೇಟೆಯಲ್ಲಿ ಓದಿಸಿಕೊಂಡು ಬಂದರು. ಮಂಜೂರಿ ಇಲ್ಲದೆ ಯಾರೂ ಸಾಲಿ ನಡೆಸಬಾರದಂತೆ. ಮಂಜೂರಿ ಬೇಕಾದರೆ ಕಚೇರಿಯವರು ತನಿಖೆಗೆ ಬರುತ್ತಾರೆ. ಆ ದಿನ ಕಮ್ಮಿಯೆಂದರೆ ಇಪ್ಪತ್ತು ಹುಡುಗಿಯರು ಓದಿ ಬರೆದು ತೋರಿಸಬೇಕು. ಇಲ್ಲವಾದರೆ ಸಾಲಿ ಮುಚ್ಚಬೇಕು.

ನನಗೆ ಉರ್ದು ಬಾರದು. ಕಚೇರಿಯಲ್ಲಿ ಯಾರ ಗುರುತೂ ಇಲ್ಲ. ಅರ್ಜಿ ಹೇಗೆ ಬರೆಯಬೇಕು, ತಿಳಿಸುತ್ತೀರಾ?

ಮನೆಯಲ್ಲಿ ಅತ್ತೆಗೆ ಇದು ಸರಿಬಂದಿಲ್ಲ ಎಂದು ಕಾಣುತ್ತದೆ. ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಊರೆಲ್ಲ ನಸುಕಿನಲ್ಲಿ ಬೀಸಿದರೆ ಇವರು ಈಚೆಗೆ ಸರಿಯಾಗಿ ಪಾಠದ ಹೊತ್ತಿಗೇ ಬೀಸುವ ಕಲ್ಲಿನ ಮುಂದೆ ಕೂರುತ್ತಾರೆ. ಪಡಸಾಲೆಗೂ ಬೀಸುವ ಕೋಣೆಗೂ ನಡುವೆ ಒಂದೇ ಗೋಡೆ, ಅದರಲ್ಲೊಂದು ಬೆಳಕಿಂಡಿ. ನಾನು ಗಂಟಲು ಹರಿದುಕೊಂಡು ಕಲಿಸುತ್ತೇನೆ.

ನಮ್ಮ ತೋಟದ ಕೆಂಪು ಬಾಳೆಹಣ್ಣು ಬಂಡಿಯಲ್ಲಿ ಕಳಿಸಿದ್ದೇನೆ. ಸಿಪ್ಪೆ ಕಪ್ಪಾಗುವ ತನಕ ಕಾಯಿರಿ, ಆಗಲೇ ರುಚಿ.

ನಿಮ್ಮ
ಜಯದೇವಿ


ಕಲಬುರಗಿ
ನವೆಂಬರ್ ೧೩, ೧೯೨೧

ಚಿ. ಸೌ. ಜಯದೇವಿಗೆ ಇಂದೂಬಾಯಿಯ ಆಶೀರ್ವಾದ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ‘ಜನ ಸುಮ್ಮನೆ ಆಡುವ ಮಾತು’ ಎಂದು ಬರೆದಿದ್ದೀಯಲ್ಲ, ಅದು ನಿಜವೇ ಇರಬಹುದು. ಗುಡಿಯಲ್ಲಿ ಹಾಗೆ ಹೇಳುವಾಗ ನೀನು ಬರೆಯುತ್ತೀ ಎಂದು ನಾನೂ ಅಂದುಕೊಂಡಿರಲಿಲ್ಲ. ಬರೆದು ನನ್ನ ಮಾತಿಗೆ ತೂಕ ತಂದುಕೊಟ್ಟೆ.

ನಾನು ಹೈದರಾಬಾದಿನಲ್ಲಿ ಹುಟ್ಟಿ ಬೆಳೆದವಳು. ಅಲ್ಲಿ ಇಂಗ್ಲಿಷ್ ಶಾಲೆಯಲ್ಲಿ ಒಂಬತ್ತು ವರ್ಷ ಓದಿದೆ. ಈಗ ನಲವತ್ತಮೂರು. ಆ ಓದಿನಿಂದ ಈ ತನಕ ಮಾಡಿದ್ದೇನು ಎಂದು ನಿನ್ನ ಕಾಗದ ಮಡಿಚಿಟ್ಟ ಮೇಲೆ ಲೆಕ್ಕ ಹಾಕಿದೆ. ಉಪ್ಪಿನಕಾಯಿ ಭರಣಿಗಳ ಮೇಲೆ ಚೀಟಿ ಅಂಟಿಸಿದ್ದೇನೆ. ಯಜಮಾನರ ಕಚೇರಿಯ ಕಾಗದಗಳನ್ನು ತಿದ್ದಿದ್ದೇನೆ. ನಿನ್ನ ಇಪ್ಪತ್ತೆರಡರ ಮುಂದೆ ಅದು ಸೊನ್ನೆ.

ಆದರೆ ಒಂದು ದಾರಿಯಿದೆ. ಹೆಣ್ಣುಮಕ್ಕಳ ಶಾಲೆಗಳ ತನಿಖೆ ಮಾಡುವವರು ಇಕ್ಬಾಲ್ ಬೇಗಂ ಎಂಬವರು. ಅವರ ಮಗಳಿಗೆ ಹೊತ್ತು ಕಳೆಯಲೆಂದು ನಾನು ವಾರಕ್ಕೆರಡು ದಿನ ಇಂಗ್ಲಿಷ್ ಹೇಳಿಕೊಡುತ್ತೇನೆ. ಬೇಗಂ ಬಿಗಿ ಮನುಷ್ಯೆ. ಶಿಫಾರಸು ಎಂದರೆ ಮುಖ ಸಿಂಡರಿಸುತ್ತಾರೆ. ನ್ಯಾಯ ಎಂದರೆ ಕೇಳುತ್ತಾರೆ. ಅರ್ಜಿಯನ್ನು ನಾನೇ ಉರ್ದುವಿನಲ್ಲಿ ಬರೆದು ಕೊಡುತ್ತೇನೆ.

ಜೊತೆಗೆ ಒಂದು ಪೆಟ್ಟಿಗೆ ಬಳಪ ಕಳಿಸಿದ್ದೇನೆ. ಅತ್ತೆಯ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹಳೆಯ ಕಾಲದವರು. ಕಲ್ಲಿನ ಸದ್ದಿಗಿಂತ ದೊಡ್ಡ ದನಿಯಲ್ಲಿ ಕಲಿಸು.

ಇಂದೂಬಾಯಿ


ಕಮಲಾಪುರ
ಕಾರ್ತಿಕ ಬಹುಳ ಸಪ್ತಮಿ

ಅಕ್ಕನವರಿಗೆ ಶರಣು.

ಅರ್ಜಿ ಕೊಟ್ಟಿರೆಂದು ನಮ್ಮವರು ಬಂದು ಹೇಳಿದರು. ಬಳಪ ಮುಟ್ಟಿತು. ಪಾಠ ನಡೆದಿದೆ. ಹುಡುಗಿಯರು ಚೆನ್ನಾಗಿದ್ದಾರೆ.

ಒಂದು ಬೇಸರದ ಸಂಗತಿ. ನೀವು ಕಳಿಸಿದ ಬಳಪ ಕಳುವಾಗುತ್ತಿದೆ. ಸಂಜೆ ಎಣಿಸಿಟ್ಟರೆ ಮರುದಿನ ಎರಡು ಮೂರು ಕಡಿಮೆ. ಕಸ್ತೂರಿ ಎಂಬ ಒಂಬತ್ತು ವರ್ಷದ ಹುಡುಗಿ ಇದ್ದಾಳೆ. ಆಕೆಯ ಸೆರಗಿನ ಗಂಟಿನಲ್ಲಿ ನಾಲ್ಕು ತುಂಡು ಸಿಕ್ಕವು. ತಿನ್ನುತ್ತೀಯಾ ಎಂದರೆ ತಲೆ ಅಲ್ಲಾಡಿಸಿದಳು. ಮಾರುತ್ತೀಯಾ ಎಂದರೂ ಅದೇ. ಯಾರಿಗೆ ಎಂದರೆ ಸೆರಗನ್ನು ಬಿಗಿಹಿಡಿದಳು. ಎರಡು ದಿನದಿಂದ ಪಡಸಾಲೆಯ ಹೊರಗೆ ಕೂಡಿಸಿದ್ದೇನೆ. ಅಳಲಿಲ್ಲ, ಹೊರಗೆ ಕೂತೇ ಪಾಠ ಒಪ್ಪಿಸಿದಳು.

ಅತ್ತೆಯ ಬೀಸುವುದು ನಿಂತಿಲ್ಲ. ಈಗ ಓಣಿಯಿಂದ ಯಾರ್ಯಾರನ್ನೋ ಜೊತೆಗೆ ಕರೆದುಕೊಳ್ಳುತ್ತಾರೆ. ನಾನು ಪಾಠ ಮುಗಿಸಿ ಒಳಗೆ ಹೋಗುವಷ್ಟರಲ್ಲಿ ಅವರು ಹಿತ್ತಲ ಬಾಗಿಲಿನಿಂದ ಹೋಗಿರುತ್ತಾರೆ. ನೆಲದ ಮೇಲೆಲ್ಲ ಹಿಟ್ಟು ಹರಡಿರುತ್ತದೆ. ವಿಚಿತ್ರವೆಂದರೆ ನಾನು ಪಾಠ ಹೇಳಿಸುವಾಗ ಕಲ್ಲು ಗಪ್ಪೆಂದು ನಿಲ್ಲುತ್ತದೆ, ಮುಗಿದ ಕೂಡಲೇ ಮತ್ತೆ ತಿರುಗುತ್ತದೆ. ನಾನೇನು ಕಲಿಸುತ್ತೇನೆಂದು ಕಿವಿಗೊಟ್ಟು ಕೇಳಿ ಯಾರಿಗೆ ಹೇಳುತ್ತಾರೋ.

ಇನ್ನೊಂದು ಮಾತು. ತನಿಖೆಯ ದಿನ ಸೋಮವಾರ ಬೇಡ. ಅಂದು ಸಂತೆ, ಹುಡುಗಿಯರು ತಾಯಂದಿರ ಜೊತೆ ಹೋಗುತ್ತಾರೆ.

ಜಯದೇವಿ


ಕಲಬುರಗಿ
ಡಿಸೆಂಬರ್ ೮, ೧೯೨೧

ಚಿ. ಜಯದೇವಿಗೆ ಆಶೀರ್ವಾದ.

ಒಳ್ಳೆಯ ಸುದ್ದಿ. ಬೇಗಂ ಈ ತಿಂಗಳ ೨೬ರಂದು ಬರುವುದೆಂದು ಕಚೇರಿಯಲ್ಲಿ ಬರೆದಾಗಿತ್ತು. ನೋಡಿದರೆ ಅದು ಸೋಮವಾರ, ನಿನ್ನ ಸಂತೆಯ ದಿನ. ಎರಡು ಭೇಟಿ ಹಿಡಿಯಿತು, ಅವರಿಗೆ ತಿಳಿಸಿ ಹೇಳಲು. ಮಕ್ಕಳೇ ಇಲ್ಲದ ದಿನ ಹೋಗಿ ಶಾಲೆಯಿಲ್ಲ ಎಂದು ಬರೆದರೆ ನ್ಯಾಯವೇ ಎಂದೆ. ನಿನ್ನ ಲೆಕ್ಕ ಕೇಳಿದರು. ಇಪ್ಪತ್ತೆರಡು, ನಾನು ಹೊಣೆ ಎಂದೆ.

ಈಗ ದಿನ ೨೯ಕ್ಕೆ ನಿಂತಿದೆ, ಗುರುವಾರ. ಆ ದಿನವನ್ನು ಆರಿಸಿದ್ದೂ ನಾನೇ. ಪಂಚಾಂಗ ತೆಗೆದು ನೋಡಿದೆ, ಅಂದು ಅಮಾವಾಸ್ಯೆ. ಅಮಾವಾಸ್ಯೆಯಂದು ಒಕ್ಕಲುತನದವರು ಎತ್ತು ಹೂಡುವುದಿಲ್ಲ, ಹೊಲದ ಕೆಲಸವಿಲ್ಲ, ಹುಡುಗಿಯರೆಲ್ಲ ಮನೆಯಲ್ಲೇ ಸಿಗುತ್ತಾರೆ ಎಂದು ವಿವರಿಸಿದಾಗ ಬೇಗಂ ನನ್ನನ್ನು ಮೆಚ್ಚಿ ನೋಡಿದರು. ಬಹಳ ವರ್ಷಗಳ ಮೇಲೆ ಏನೋ ಒಂದು ಮಾಡಿದೆನೆಂಬ ಸಮಾಧಾನದಿಂದ ಮನೆಗೆ ನಡೆದುಬಂದೆ.

ಕಸ್ತೂರಿಯ ವಿಷಯದಲ್ಲಿ ನೀನು ಮಾಡಿದ್ದು ಸರಿ. ಶಿಸ್ತು ಮುಖ್ಯ.

ಇಂದೂಬಾಯಿ


ಕಲಬುರಗಿ
ಡಿಸೆಂಬರ್ ೧೭

ಚಿ. ಜಯದೇವಿಗೆ,

ನಿನ್ನೆ ನಿನ್ನ ಯಜಮಾನ ನಾಗಣ್ಣನವರ ಬಂಡಿ ಬಂತು. ಹಣ್ಣು ಬಂತು. ನಿನ್ನ ಕಾಗದ ಬರಲಿಲ್ಲ. ವಿಚಾರಿಸಿದರೆ ‘ಆರಾಮ ಅದಾಳ್ರೀ’ ಎಂದಷ್ಟೇ ಹೇಳಿ ನೆಲ ನೋಡಿದರು.

ತನಿಖೆ ಎಂದರೆ ಹೆದರಿಕೆಯೇ? ಅಥವಾ ಕೇಳದೆಯೇ ದಿನ ಗೊತ್ತುಮಾಡಿ ನಾನು ಹೆಚ್ಚಿನ ಅಧಿಕಾರ ತೆಗೆದುಕೊಂಡೆನೇ? ಹಿಂದಿನ ಕಾಗದದಲ್ಲಿ ನನ್ನ ಬಗ್ಗೆ ನಾನೇ ಸಂತೋಷಪಟ್ಟುಕೊಂಡದ್ದು ಹೆಚ್ಚಾಯಿತೆಂದು ಆಮೇಲೆ ಅನ್ನಿಸಿತು. ಒಂದು ಸಾಲಾದರೂ ಬರೆ.

ಇಂದೂಬಾಯಿ


ಕಮಲಾಪುರ
ಮಾರ್ಗಶಿರ ಬಹುಳ ಷಷ್ಠಿ

ಅಕ್ಕಾ,

ಮೂರು ಸಲ ಬರೆದು ಹರಿದೆ. ಈಗ ಸುತ್ತಿ ಬಳಸದೆ ಬರೆಯುತ್ತೇನೆ.

ನನ್ನ ಪಡಸಾಲೆಯಲ್ಲಿ ಇಪ್ಪತ್ತೆರಡು ಹುಡುಗಿಯರಿಲ್ಲ. ಒಂಬತ್ತು. ಊರಿನ ಹಿರಿಯರು ಅಣವೀರಪ್ಪನವರು ದೀಪಾವಳಿಯಲ್ಲಿ ಕಟ್ಟೆಯ ಮೇಲೆ ಕೂತು, ಸರಕಾರದ ಹುಕುಂ ಬಂದಿರುವಾಗ ಹುಡುಗಿಯರನ್ನು ಕಳಿಸಿ ಯಾಕೆ ಪೀಡೆ ತಂದುಕೊಳ್ಳುತ್ತೀರಿ ಎಂದರು. ಮೊದಲು ತಮ್ಮ ಮೊಮ್ಮಗಳು ನೀಲಮ್ಮನನ್ನು ಬಿಡಿಸಿದರು. ಹದಿನೈದು ದಿನದಲ್ಲಿ ಹದಿಮೂರು ಮಂದಿ ಹೋದರು. ನಿಮಗೆ ಮೊದಲ ಕಾಗದ ಬರೆದಾಗಲೇ ಇಬ್ಬರು ಬಿಟ್ಟಿದ್ದರು, ತಿರುಗಿ ಬರುತ್ತಾರೆಂದು ಇಪ್ಪತ್ತೆರಡು ಎಂದೇ ಬರೆದೆ. ಆಮೇಲೆ ನೀವು ಅಷ್ಟು ಹುರುಪಿನಿಂದ ಬರೆದಿರಿ. ಆ ಹುರುಪು ಆರಿಸುವ ಮನಸ್ಸು ಬರಲಿಲ್ಲ. ನೀವು ನನಗಾಗಿ ಹೊಣೆ ನಿಂತಿದ್ದೀರೆಂದು ಓದಿದ ದಿನ ಊಟ ಸೇರಲಿಲ್ಲ.

ಇನ್ನು ನೀವು ಆರಿಸಿದ ದಿನ. ಅಕ್ಕಾ, ಅದು ಎಳ್ಳ ಅಮಾವಾಸ್ಯೆ. ಬೇರೆ ಅಮಾವಾಸ್ಯೆಗಳಲ್ಲಿ ಜನ ಮನೆಯಲ್ಲಿರುವುದು ನಿಜ. ಈ ಒಂದು ಅಮಾವಾಸ್ಯೆಗೆ ಇಡೀ ಊರು ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಹೊಲದಲ್ಲೇ ಪೂಜೆ, ಬೆಳೆಗೆ ಚರಗವೆಂದು ನೈವೇದ್ಯ ಚೆಲ್ಲುವುದು, ಅಲ್ಲೇ ಊಟ. ಬಾಗಿಲಿಗೆ ಕೊಂಡಿ ಹಾಕಿ ಮುದುಕರು ಕೂಸುಗಳು ಎಲ್ಲ ಹೋಗುತ್ತಾರೆ. ಊರಲ್ಲಿ ನಾಯಿಯೂ ಉಳಿಯುವುದಿಲ್ಲ. ವರ್ಷದ ಮುನ್ನೂರರವತ್ತೈದು ದಿನಗಳಲ್ಲಿ ನಿಮ್ಮ ಕೈಗೆ ಇದೇ ಸಿಕ್ಕಿತೇ? ಸಿಟ್ಟು ಬಂದದ್ದು ನಿಮ್ಮ ಮೇಲೋ ನನ್ನ ಮೇಲೋ ತಿಳಿಯದೆ ಇಷ್ಟು ದಿನ ಬರೆಯಲಿಲ್ಲ.

ಬೇಗಂ ಅವರಿಗೆ ಬರಬೇಡಿ ಎಂದು ಹೇಳಿರಿ. ಸುಳ್ಳು ನನ್ನದೆಂದೇ ಹೇಳಿರಿ. ಸಾಲಿಯನ್ನು ನಾನೇ ಮುಚ್ಚುತ್ತೇನೆ. ಕಚೇರಿ ಮುಚ್ಚಿಸಿತೆಂಬುದಕ್ಕಿಂತ ಅದು ವಾಸಿ.

ಜಯದೇವಿ


ಕಲಬುರಗಿ
ಡಿಸೆಂಬರ್ ೨೪

ಜಯದೇವಿ,

ಈ ಕಾಗದವನ್ನು ನಾಗಣ್ಣನವರ ಕೈಯಲ್ಲೇ ಕೊಡುತ್ತಿದ್ದೇನೆ. ಟಪಾಲಿಗೆ ಹಾಕಿದರೆ ತಡವಾಗುತ್ತದೆ.

ಬೇಗಂ ನಾಲ್ಕು ದಿನದ ಹಿಂದೆಯೇ ಆಳಂದದ ಕಡೆಗೆ ತನಿಖೆಗೆ ಹೊರಟುಹೋದರು. ಅಲ್ಲಿಂದ ನೇರ ನಿಮ್ಮೂರಿಗೆ. ಅವರನ್ನು ತಡೆಯುವ ದಾರಿ ನನಗಿಲ್ಲ.

ನನ್ನ ತಪ್ಪನ್ನು ನೋಡುತ್ತ ಕೂತಿದ್ದೇನೆ. ಈ ಊರಿಗೆ ಬಂದು ಇಪ್ಪತ್ತಾರು ವರ್ಷ. ನಮಗೆ ಹೊಲವಿಲ್ಲ. ಪ್ರತಿವರ್ಷ ಆ ದಿನ ಬಂಡಿಗಳು ಸಾಲುಸಾಲಾಗಿ ಊರ ಹೊರಗೆ ಹೋಗುವುದನ್ನು ಮಾಳಿಗೆಯ ಮೇಲಿಂದ ಕಂಡಿದ್ದೇನೆ. ಎಲ್ಲಿಗೆ, ಯಾಕೆ ಎಂದು ಒಬ್ಬರನ್ನೂ ಕೇಳಲಿಲ್ಲ. ಪಂಚಾಂಗ ಓದಲು ಬಂದರೆ ಸಾಕೆಂದುಕೊಂಡೆ. ಕ್ಷಮಿಸು.

ನಿನ್ನ ಸುಳ್ಳಿನ ಬಗ್ಗೆ ನನಗೆ ಸಿಟ್ಟಿಲ್ಲ. ನನ್ನ ಹುರುಪು ನಿನಗೆ ಬಲ ಕೊಡುವುದರ ಬದಲು ಬಾಯಿ ಕಟ್ಟಿಸಿತಲ್ಲ ಎಂಬ ಯೋಚನೆ. ಬೆನ್ನು ತಟ್ಟುವವಳು ಎದುರಿಗಿರುವವಳ ಮುಖವನ್ನೂ ನೋಡಬೇಕಿತ್ತು.

ಆದರೆ ಒಂದು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಇಪ್ಪತ್ತೈದು ಮೈಲಿಯಾಚೆಯ ನನಗೆ ಬರೆದೆ. ನಿನ್ನ ಊರಿನಲ್ಲಿ ಯಾರನ್ನಾದರೂ ಕೇಳಿದೆಯಾ? ಒಂದೇ ಗೋಡೆಯಾಚೆ ಕೂತಿರುವ ನಿನ್ನ ಅತ್ತೆಗೆ ಸಂಗತಿ ಪೂರ್ತಿ ಹೇಳಿದ್ದೀಯಾ? ಬೈದರೆ ಬೈಯಲಿ. ಹೇಳು.

ಬಾಗಿಲು ಮುಚ್ಚಬೇಡ. ಒಂಬತ್ತು ಇದ್ದರೆ ಒಂಬತ್ತು ತೋರಿಸು, ಒಬ್ಬಳಿದ್ದರೆ ಒಬ್ಬಳನ್ನು. ಬೇಗಂ ಜೊತೆ ಮೋಮಿನಪುರದ ಜೈನಾಬಿ ಇರುತ್ತಾಳೆ. ಕನ್ನಡ ಬಲ್ಲವಳು, ಮಾತಿನ ಮಲ್ಲಿ. ನಿನ್ನ ಮಾತನ್ನು ಸರಿಯಾಗಿ ಮುಟ್ಟಿಸು ಎಂದು ಹೊರಡುವ ಮುಂಚೆಯೇ ಅವಳಿಗೆ ಹೇಳಿದ್ದೇನೆ.

ಇಂದೂಬಾಯಿ


ಕಮಲಾಪುರ
ಪುಷ್ಯ ಶುದ್ಧ ಬಿದಿಗೆ

ಅಕ್ಕಾ, ಶರಣು, ಶರಣು.

ಕೂತು ಓದಿರಿ. ಉದ್ದ ಇದೆ.

ನಿಮ್ಮ ಕಾಗದ ಮುಟ್ಟಿದ ಸಂಜೆ ಅತ್ತೆಯ ಮುಂದೆ ಹೋಗಿ ಕೂತೆ. ಸಜ್ಜೆಯ ಕಡುಬು ಮಾಡುತ್ತಿದ್ದರು. ಹುಕುಂ, ಇಪ್ಪತ್ತರ ಲೆಕ್ಕ, ನನ್ನ ಸುಳ್ಳು, ಬೇಗಂ ಬರುವ ದಿನ, ಎಲ್ಲ ಹೇಳಿದೆ. ಕೈ ನಿಲ್ಲಿಸದೆ ಕೇಳಿದರು. ಕೊನೆಗೆ ಅಂದದ್ದು ಇಷ್ಟು:

“ಆ ಬಾಯಿ ಉಂಡು ಬರ್ತಾಳೇನು, ಉಪಾಸ ಬರ್ತಾಳೇನು?”

ನನ್ನ ಸಾಲಿ ಮುಳುಗುತ್ತಿರುವಾಗ ಇವರಿಗೆ ಊಟದ ಚಿಂತೆ ಎಂದು ಎದ್ದು ಹೋದೆ. ಅಮಾವಾಸ್ಯೆಯ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರು ಬುತ್ತಿ ಹೊತ್ತು ಹೊಲಕ್ಕೆ ಹೋಗಿಬಿಟ್ಟಿದ್ದರು, ಒಬ್ಬರೇ, ಯಾರಿಗೂ ಕಾಯದೆ.

ಒಂಬತ್ತು ಮಂದಿಯ ಮನೆಗೂ ಹೋದೆ. ಎಲ್ಲ ಬಾಗಿಲಿಗೂ ಕೊಂಡಿ ಬಿದ್ದಿತ್ತು. ಕಸ್ತೂರಿ ಒಬ್ಬಳೇ ತಾಯಿಯ ಜೊತೆ ಹೊಲಕ್ಕೆ ಹೋಗದೆ ಪಡಸಾಲೆಯ ಹೊರಗೆ ಬಂದು ಕೂತಿದ್ದಳು. ಹೊರಗೆ ಕೂಡಿಸಿದ್ದೆನಲ್ಲ, ಅದೇ ಜಾಗದಲ್ಲಿ.

ಹತ್ತು ಗಂಟೆಗೆ ಪರದೆ ಕಟ್ಟಿದ ಬಂಡಿ ಬಂತು. ಕರಿ ಬುರ್ಖಾದ ಬೇಗಂ ಇಳಿದು ಪಡಸಾಲೆ ನೋಡಿದರು, ಕಸ್ತೂರಿಯನ್ನು ನೋಡಿದರು, ದಫ್ತರ ಬಿಚ್ಚಿದರು. ಉಳಿದವರೆಲ್ಲಿ ಎಂದು ಜೈನಾಬಿ ಕೇಳಿದಳು. ಹೊಲದಲ್ಲಿದ್ದಾರೆ ಎಂದೆ. ಇವತ್ತು ಊರೇ ಹೊಲದಲ್ಲಿದೆ, ತಪ್ಪು ನಿಮ್ಮದಲ್ಲ, ಬರೆದುಕೊಳ್ಳಿ ಎಂದೆ. ಬೇಗಂ ಲೇಖಣಿ ಅದ್ದಿದರು. ಆಗ ಕಸ್ತೂರಿ ಎದ್ದು ನಿಂತಳು.

“ಹೊಲದಾಗ ಅದಾರಂದ್ರ ಹೊಲಕ್ಕ ಹೋಗೂಣಲ್ರೀ. ಬಂಡಿ ಅದಲ್ಲ?”

ಜೈನಾಬಿ ನಗುತ್ತಲೇ ಅದನ್ನು ಉರ್ದುವಿನಲ್ಲಿ ಹೇಳಿದಳು. ಬೇಗಂ ಲೇಖಣಿ ಒರೆಸಿ ಒಳಗಿಟ್ಟರು.

ಇನ್ನು ನಮ್ಮ ಕಡೆಯ ರೂಢಿ ನಿಮಗೆ ಗೊತ್ತಿಲ್ಲ. ಎಳ್ಳ ಅಮಾವಾಸ್ಯೆಯ ದಿನ ಹೊಲದ ಮುಂದೆ ಹಾಯುವ ಯಾರನ್ನೂ ಉಣ್ಣದೆ ಬಿಡುವುದಿಲ್ಲ. ವೈರಿಯಾದರೂ ಕರೆದು ಕೂಡಿಸಬೇಕು. ಬಂಡಿ ಊರು ದಾಟಿ ಮೊದಲ ಹೊಲಕ್ಕೆ ಬರುತ್ತಲೂ ಹೆಂಗಸರು ಎತ್ತಿನ ಮುಂದೆ ನಿಂತುಬಿಟ್ಟರು. ಬೇಗಂ ಬೇಡವೆಂದರು. ‘ನೀವು ಉಣದಿದ್ದರ ನಾವೂ ಕೈ ತೊಳಕೋತೀವಿ’ ಎಂದಳು ಒಬ್ಬಳು. ಕಾಳು ಸೊಪ್ಪು ಕೂಡಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಬಂಡಿಯೊಳಗೇ ಬಂತು. ಮುಂದಿನ ಹೊಲದಲ್ಲಿ ಮತ್ತೆ ಅದೇ. ಮೂರನೆಯದರಲ್ಲಿ ಜೈನಾಬಿ ಸೊಂಟ ಹಿಡಿದುಕೊಂಡಳು: “ನಕ್ಕೊ ಅಮ್ಮಾ, ಸಾಕ, ಇನ್ನಾ ಎಷ್ಟ ಹೊಲ ಅವ? ನಾ ಬಂಡ್ಯಾಗ ಹಿಡೀಬೇಕಲ್ಲ!”

ಆದರೆ ಪ್ರತಿ ಹೊಲದಲ್ಲೂ ತಟ್ಟೆಯ ಹಿಂದೆ ಒಬ್ಬಳೋ ಇಬ್ಬರೋ ಹುಡುಗಿಯರು ಬಂಡಿ ಹಿಡಿದು ಬರತೊಡಗಿದರು. ಬರುವುದು ಯಾಕೆಂದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಬಂಡಿ ಕೊನೆಗೆ ನಿಂತದ್ದು ಅಣವೀರಪ್ಪನವರ ಹೊಲದಲ್ಲಿ. ಅಲ್ಲಿ ಬನ್ನಿಯ ಮರದ ಕೆಳಗೆ ನಮ್ಮ ಅತ್ತೆ ಅಂಬಮ್ಮನವರು ಕೂತಿದ್ದರು. ನಸುಕಿನಿಂದ ಹೊಲದಿಂದ ಹೊಲಕ್ಕೆ ನಡೆದು ಎಲ್ಲರಿಗೂ ಹೇಳಿ ಬಂದಿದ್ದರು. ಕಾಲಿಗೆ ಮಣ್ಣು ಮೊಣಕಾಲ ತನಕ ಹತ್ತಿತ್ತು. ನನ್ನನ್ನು ನೋಡಿ, “ಉಂಡಾಳಿಲ್ಲೋ?” ಎಂದು ಬೇಗಂ ಕಡೆ ಗೋಣು ತಿರುವಿದರು, ಅಷ್ಟೇ.

ಬೇಗಂ ಪರದೆಯವರೆಂದು ಗಂಡಸರೆಲ್ಲ ಜೋಳದಾಚೆ ಸರಿದರು. ಆಳೆತ್ತರದ ಜೋಳ, ಅದಕ್ಕಿಂತ ದೊಡ್ಡ ಪರದೆ ಬೇಕೇ? ಬೇಗಂ ಬುರ್ಖಾದ ಮುಖ ಎತ್ತಿ ಮರದ ಕೆಳಗೆ ಕೂತು ಪರೀಕ್ಷೆ ಶುರುಮಾಡಿದರು. ಅವರಿಗೆ ಕನ್ನಡ ಓದಲು ಬಾರದು, ಜೈನಾಬಿಗೆ ಅಕ್ಷರವೇ ಬಾರದು. ನನ್ನ ಮಾತು ನಂಬುವವರಲ್ಲ. ಹಾಗಾಗಿ ಒಂದು ಉಪಾಯ ಮಾಡಿದರು. ಒಬ್ಬ ಹುಡುಗಿಯ ಕಿವಿಯಲ್ಲಿ ಒಂದು ಮಾತು ಹೇಳಿಸುವುದು, ಅವಳು ಅದನ್ನು ಬರೆಯುವುದು, ದೂರ ನಿಂತ ಇನ್ನೊಬ್ಬಳನ್ನು ಕರೆದು ಓದಿಸುವುದು. ಒಬ್ಬಳು ತಪ್ಪಿದರೂ ಇಬ್ಬರೂ ಹೋದಂತೆ.

ಮೊದಲು ಕರೆದದ್ದು ನೀಲಮ್ಮನನ್ನು. ಸಾಲಿ ಬಿಟ್ಟು ಎರಡು ತಿಂಗಳಾದ ಅಣವೀರಪ್ಪನವರ ಮೊಮ್ಮಗಳು. ಪಾಟಿ ಇಲ್ಲ, ಏನೂ ಇಲ್ಲ. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ನೀಲಮ್ಮ ಸೆರಗಿನ ಗಂಟು ಬಿಚ್ಚಿ ಒಂದು ತುಂಡು ಬಳಪ ತೆಗೆದು ಬಂಡಿಯ ಹಲಗೆಯ ಮೇಲೆ ಬರೆಯುತ್ತಿದ್ದಳು. ಅಕ್ಕಾ, ನೀವು ಕಳಿಸಿದ ಬಳಪ. ಸುತ್ತ ನೋಡಿದೆ. ಬಿಟ್ಟುಹೋದ ಹದಿಮೂರು ಹುಡುಗಿಯರೂ ತಂತಮ್ಮ ಗಂಟು ಬಿಚ್ಚುತ್ತಿದ್ದರು. ಕಸ್ತೂರಿ ನನ್ನ ಮುಖ ನೋಡದೆ ಎತ್ತಿನ ಬಾಲ ನೋಡುತ್ತಿದ್ದಳು.

ನೀಲಮ್ಮ ಬರೆದದ್ದನ್ನು ಓದಲು ಇನ್ನೊಂದು ಹೊಲದ ಹುಡುಗಿಯನ್ನು ಕರೆದರು. ಆಕೆ ಹಲಗೆಯ ಮುಂದೆ ನಿಂತು ಬೆರಳಿಟ್ಟು ಗಟ್ಟಿಯಾಗಿ ಓದಿದಳು:

“ಇನಾಯತ್!”

“ಜೀ! ಬಂದೆ!” ಎಂದು ಜೋಳದಾಚೆಯಿಂದ ದನಿ ಬಂತು. ಬೇಗಂ ತಮ್ಮ ಬಂಡಿಯವನ ಹೆಸರನ್ನೇ ಕೊಟ್ಟಿದ್ದರು. ಕೈಯಲ್ಲಿ ಅರ್ಧ ಹೋಳಿಗೆ ಹಿಡಿದು ಅವನು ಓಡಿಬಂದ. ಬೇಗಂ ನಕ್ಕದ್ದನ್ನು ನಾನು ನೋಡಿದೆ. ಆಮೇಲೆ ಒಂದೊಂದು ಜೋಡಿಗೂ ಒಂದೊಂದು ಮಾತು. ಒಬ್ಬಳು ಬರೆಯುತ್ತಿದ್ದರೆ ಉಳಿದವರೆಲ್ಲ ಉಸಿರು ಬಿಗಿಹಿಡಿದು ನಿಲ್ಲುವರು, ಓದಿದಳೆಂದರೆ ತಾಯಂದಿರು ಅವಳ ನೆತ್ತಿ ಸವರುವರು. ತಡವರಿಸಿದವಳಿಗೆ ‘ನಿಂತು ಓದವ್ವಾ, ಯಾರೂ ಅಟ್ಟಿಸಿಕೊಂಡು ಬಂದಿಲ್ಲ’ ಎಂದು ಹಿಂದಿನಿಂದ ಯಾರೋ ಧೈರ್ಯ ಹೇಳುವರು. ಒಬ್ಬಳೂ ತಪ್ಪಲಿಲ್ಲ.

ಜೋಳದಾಚೆಯಿಂದ ಅಣವೀರಪ್ಪನವರ ಕೆಮ್ಮು ಕೇಳಿಸಿತು.

“ನೀಲೂ, ನೀ ಯಾವಾಗ ಕಲ್ತಿ ಇದನ್ನ?”

“ಬೀಸೂ ಮುಂದ, ಮುತ್ಯಾ.”

“ಎಲ್ಲಿ ಬೀಸೂ ಮುಂದ?”

“ಅಂಬಮ್ಮ ಆಯಿ ಮನ್ಯಾಗ. ನೀವೇ ಜ್ವಾಳ ಕೊಟ್ಟು ಕಳಸ್ತೀರಲ್ಲ ಮುತ್ಯಾ.”

ಆಗ ನನಗೆ ಹೊಳೆಯಿತು. ಆ ಮಧ್ಯಾಹ್ನದ ಬೀಸುವಿಕೆ, ಪಾಠ ಹೇಳುವಾಗ ನಿಲ್ಲುವ ಕಲ್ಲು, ನೆಲದ ಮೇಲೆ ಹರಡಿದ ಹಿಟ್ಟು. ಹುಡುಗಿಯರನ್ನು ಸಾಲಿಗೆ ಕಳಿಸಬೇಡಿ ಎಂದರೆ ಯಾರೂ ಕಳಿಸುವುದಿಲ್ಲ, ಬೀಸಲು ಬೇಡವೆನ್ನುವವರು ಯಾರು? ದಿನಕ್ಕೆ ನಾಲ್ಕು ನಾಲ್ಕು ಹುಡುಗಿಯರು ಸರದಿಯಲ್ಲಿ ಬರುತ್ತಿದ್ದರು. ಬೆಳಕಿಂಡಿಯಿಂದ ಕೇಳಿದ್ದನ್ನು ನೆಲದ ಹಿಟ್ಟಿನಲ್ಲಿ ತಿದ್ದುತ್ತಿದ್ದರು. ಮನೆಗೆ ಹೋಗಿ ತಂಗಿಯರಿಗೆ ಕಲಿಸಲು ಕಸ್ತೂರಿ ಬಳಪ ಒದಗಿಸುತ್ತಿದ್ದಳು.

ಕೊನೆಗೆ ಅಣವೀರಪ್ಪನವರು ಅಂದರು: “ಹಿಟ್ಟು ಭಾಳ ಸಣ್ಣ ಬರಾಕತ್ತದ, ಅಂಬಮ್ಮನ ಕಲ್ಲು ಛೊಲೊ ಅದ ಅಂತ ಊರೆಲ್ಲ ಹೇಳಿಕೊಂಡು ಬಂದೀನಲ್ಲೋ ನಾ.” ಜೋಳದಾಚೆಯ ಗಂಡಸರೆಲ್ಲ ನಕ್ಕರು. “ಬಾಯಾರಿಗೆ ಹೇಳ್ರಿ,” ಎಂದು ಮತ್ತೆ ಅವರ ದನಿ, “ನಮ್ಮ ಹುಡುಗಿ ನಾಳಿಂದ ಮುಂದಿನ ಬಾಗಿಲಿಂದನೇ ಹೋಗ್ತಾಳ.”

ಜೈನಾಬಿ ಒಬ್ಬೊಬ್ಬರಿಗೆ ಒಂದು ಶೇಂಗಾ ಕಾಯಿ ತಟ್ಟೆಯಲ್ಲಿಟ್ಟು ಎಣಿಸುತ್ತಿದ್ದಳು. ತಂಗಿಯರೂ ಸೇರಿ ಮೂವತ್ತು ಎಂದು ನನ್ನ ಲೆಕ್ಕ. ಅವಳ ತಟ್ಟೆಯಲ್ಲಿ ಮೂವತ್ತೊಂದು. ಜಗಳಾಡಲು ಹೊತ್ತಿರಲಿಲ್ಲ.

ಸಂಜೆ ಅತ್ತೆಯ ಕಾಲು ತೊಳೆದೆ. ನನಗೇಕೆ ಹೇಳಲಿಲ್ಲ ಎಂದೆ.

“ನೀ ಹೇಳಿದ್ದೇನು ನನಗ?” ಎಂದರು. “ಆದರ ನಿನ್ನ ಮುಖಾ ದಿನಾ ಸಣ್ಣಾಗಾಕತ್ತಿತ್ತು. ಗ್ವಾಡಿ ಆಚೆಗೆ ನಾಕ ಹುಡುಗ್ಯಾರು ಕೇಳಾಕತ್ತಾರಂದ್ರ ನಿನ್ನ ದನಿ ಇಳೀಬಾರದಲ್ಲ. ಅದಕ್ಕ ಕಲ್ಲು ತಿರುವಿದೆ. ಕಲ್ಲಿನ ಸಿಟ್ಟಿಗೆ ನೀ ದೊಡ್ಡ ದನೀಲೆ ಹೇಳತಿದ್ದಿ, ನಮಗ ಛೊಲೊ ಕೇಳಸ್ತಿತ್ತು.”

ಕಸ್ತೂರಿಯ ಮನೆಗೂ ಹೋಗಿ ಬಂದೆ. ತಪ್ಪಾಯಿತು ಎಂದೆ. ಅವಳು ಕೇಳಿದ್ದು ಒಂದೇ: ಇನ್ನು ಮೇಲೆ ಒಳಗೆ ಕೂರಬಹುದೇ?

ಜಯದೇವಿ


ಕಲಬುರಗಿ
ಜನವರಿ ೧೯, ೧೯೨೨

ಚಿ. ಸೌ. ಜಯದೇವಿಗೆ,

ಮಂಜೂರಿ ಆಯಿತು. ಹುಕುಂ ನಿನ್ನೆ ಮೊಹರು ಬಿದ್ದು ಹೊರಟಿದೆ. ನಿನ್ನ ಶಾಲೆ ಇನ್ನು ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಬೇಗಂ ತಾವೇ ನಮ್ಮ ಮನೆಗೆ ಬಂದಿದ್ದರು. ದಫ್ತರದಲ್ಲಿ ನಿಮ್ಮೂರಿನ ಪುಟ ತೆರೆದು ತೋರಿಸಿದರು. ಭಜ್ಜಿಯ ಕಲೆ ಬಿದ್ದಿದೆ. ಹದಿನೇಳು ವರ್ಷದ ನೌಕರಿಯಲ್ಲಿ ಇಂಥ ಪುಟ ಬರೆದಿಲ್ಲ ಎಂದರು. ಮೂವತ್ತೊಂದರ ಜಗಳವನ್ನೂ ಇತ್ಯರ್ಥ ಮಾಡುತ್ತೇನೆ. ನೀನು ಕಸ್ತೂರಿಯ ಹತ್ತಿರ ನಿಂತಿದ್ದಾಗ ನಿನ್ನ ಅತ್ತೆ ಯಾರಿಗೂ ಕಾಣದಂತೆ ಬಂಡಿಯ ಹಲಗೆಯ ಮುಂದೆ ಹೋಗಿ ಅದರ ಮೇಲಿದ್ದ ಮಾತುಗಳನ್ನೆಲ್ಲ ಬೆರಳಿಟ್ಟು ಒಂದೊಂದಾಗಿ ಓದಿದರಂತೆ. ಜೈನಾಬಿ ನೋಡಿ ಕಾಯಿ ಇಟ್ಟಳು. ದಫ್ತರದ ಕೊನೆಯ ಸಾಲಿನಲ್ಲಿದೆ: ಅಂಬಮ್ಮ, ವಯಸ್ಸು ಸುಮಾರು ಅರವತ್ತು, ಹಾಜರ್.

ಮುಂದಿನ ತನಿಖೆಯ ದಿನ ಯಾವುದೆಂದು ಕೇಳಿದೆ. ಬೇಗಂ ಪಂಚಾಂಗ ತರಿಸಿದರು. ಎಳ್ಳ ಅಮಾವಾಸ್ಯೆ ಎಂದೇ ಬರೆದಿದ್ದಾರೆ. ಆ ಸಲ ನಾನೂ ಆ ಬಂಡಿಯಲ್ಲಿರುತ್ತೇನೆ.

ನನಗೆ ಸಲ್ಲದ ಹೆಮ್ಮೆ ಪಡಬಾರದೆಂದು ಹುಷಾರಾಗಿದ್ದೇನೆ. ನಾನು ಮಾಡಿದ್ದು ಒಂದು ಅರ್ಜಿ, ಒಂದು ಪೆಟ್ಟಿಗೆ ಬಳಪ, ಒಂದು ದೊಡ್ಡ ತಪ್ಪು. ಕಸ್ತೂರಿಯನ್ನು ಶಿಕ್ಷಿಸಿದ್ದು ಸರಿ ಎಂದು ಬರೆದ ಸಾಲನ್ನೂ ಸೇರಿಸಿಕೋ. ಆದರೂ ಸಂತೋಷವಾಗಿದೆ, ಅದನ್ನು ಅಡಗಿಸುವುದಿಲ್ಲ. ನಮ್ಮ ಓಣಿಯ ಹಿಂದಿನ ಮನೆಯಲ್ಲೂ ಒಂದು ಬೀಸುವ ಕಲ್ಲಿದೆ. ಮೊನ್ನೆಯಿಂದ ಮಧ್ಯಾಹ್ನ ಅಲ್ಲಿಗೆ ಹೋಗುತ್ತಿದ್ದೇನೆ. ಐದು ಮಂದಿ ಬರುತ್ತಾರೆ. ನನಗೆ ಬೀಸಲು ಬಾರದು ಎಂದು ನಗುತ್ತಾರೆ. ಅವರು ಬೀಸುವುದು ಕಲಿಸುತ್ತಾರೆ, ನಾನು ಅಕ್ಷರ.

ಇಂದೂಬಾಯಿ


ಕಮಲಾಪುರ
ಯುಗಾದಿ ಪಾಡ್ಯ

ಇಂದೂಬಾಯಿಗೆ ಅಂಬಮ್ಮನ ಶರಣು.

ಇದು ನಾನ ಬರದದ್ದು. ಸೊಸಿ ಕೈ ಹಚ್ಚಿಲ್ಲ. ಮೂರು ದಿನ ಹಿಡೀತು.

ಹುಡುಗ್ಯಾರು ನಲವತ್ತು ಆಗ್ಯಾರ. ಬಳಪ ಸಾಲೂದಿಲ್ಲ. ಎರಡು ಪೆಟಗಿ ಕಳಸು. ಕಸ್ತೂರಿ ಕದ್ದು ಕದ್ದು ಸಾಕಾಗ್ಯಾಳ.

ನಿನ್ನ ಕೈಗೆ ಬೀಸಿ ಬೊಬ್ಬೆ ಬಂದಾವಂತ ಜೈನಾಬಿ ಹೇಳಿ ಕಳಸ್ಯಾಳ. ಎಣ್ಣಿ ಹಚ್ಚು. ಬಿಡಬ್ಯಾಡ.

ಬೀಸೂ ಕಲ್ಲು ಕ್ವಾಣ್ಯಾಗಿಂದ ತಗದೀವಿ. ಅಣವೀರಪ್ಪ, ನನ್ನ ಮಗ ನಾಗಣ್ಣ, ಇನ್ನ ನಾಕ ಮಂದಿ ಕೂಡಿ ಎತ್ತಿದ್ರು. ಈಗ ಪಡಸಾಲ್ಯಾಗ ನಟ್ಟ ನಡುವ ಅದ.